ಒಂದೇ ಅಪ್ಪನಿಗೆ ಎರಡು ಎಡೆ

ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಹಳ್ಳಿಗಳ ಹಳೇ ತೊಟ್ಟಿಮನೆಗಳಿಗೆ ಹೋದರೆ ನಡುಮನೆಗೆ ಅಡ್ಡವಾಗಿ ಎದ್ದ ಸಿಮೆಂಟ್ ಇಟ್ಟಿಗೆಯ ಗೋಡೆ ಕಾಣಿಸುವುದು ಅಪರೂಪವಲ್ಲ. ಈಚೆ ಅಣ್ಣನ ಸಂಸಾರ, ಆಚೆ ತಮ್ಮನ ಸಂಸಾರ. ಎರಡೂ ಕಡೆ ಒಂದೇ ಫೋಟೊ, ಅದಕ್ಕೆ ಎರಡು ಹಾರ. ಎರಡು ಬಾಳೆಲೆ, ಎರಡು ಎಡೆ. ಹಿರಿಯರ ಹಬ್ಬದ ದಿನ ತೀರಿಕೊಂಡವರು ಉಣ್ಣಲು ಬರುತ್ತಾರೆ ಅನ್ನುವುದು ನಮ್ಮವರ ನಂಬಿಕೆ. ಬಂದ ಅಪ್ಪ ಯಾವ ಎಲೆಯ ಮುಂದೆ ಕೂರಬೇಕು ಅನ್ನುವುದನ್ನು ಮಾತ್ರ ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಇಂಥ ಮನೆಗಳು ಒಂದಾದಾಗ ಊರವರು "ದೇವರು ಒಳ್ಳೇ ಬುದ್ಧಿ ಕೊಟ್ಟ" ಅನ್ನುತ್ತಾರೆ. ಆ ಮಾತು ನಿಜ. ಆದರೆ ಒಳ್ಳೇ ಬುದ್ಧಿ ಬಂದ ಮೇಲೂ ಮಾಡಬೇಕಾದ ಕೆಲಸ ಬಹಳ ಉಳಿದಿರುತ್ತದೆ. ಅದು ಅರ್ಧಕ್ಕೆ ನಿಂತ ಕಡೆ ಹಗೆ ಮಕ್ಕಳ ಕಾಲಕ್ಕೆ ಮತ್ತೆ ಹೊತ್ತಿಕೊಳ್ಳುತ್ತದೆ. ಕ್ಷಮೆಯನ್ನು ಬರೀ ಮನಸ್ಸಿನ ಸಂಗತಿ ಅಂದುಕೊಳ್ಳುವುದೇ ಇದಕ್ಕೆ ಕಾರಣ ಅಂತ ನನಗನ್ನಿಸುತ್ತದೆ. ನಮ್ಮ ಕಡೆಯ ದಾಯಾದಿ ಹಗೆ ದೇವರ ಮುಂದೆ ಹಾಕಿದ ಆಣೆಯಲ್ಲಿ ಒಂದು ಗಂಟು, ಪಹಣಿಯಲ್ಲಿ ಇನ್ನೊಂದು ಗಂಟು ಹಾಕಿಕೊಂಡಿರುತ್ತದೆ. ದೇವರ ಗಂಟನ್ನು ದೇವಸ್ಥಾನದಲ್ಲಿ ಬಿಚ್ಚಬೇಕು, ಕಾಗದದ ಗಂಟನ್ನು ಕಚೇರಿಯಲ್ಲಿ ಬಿಚ್ಚಬೇಕು. ಒಂದರ ಕೆಲಸವನ್ನು ಇನ್ನೊಂದು ಮಾಡಿಕೊಡುವುದಿಲ್ಲ.

ಆಣೆಯಿಂದ ಶುರು ಮಾಡೋಣ, ಯಾಕೆಂದರೆ ಓದಿದವರು ಇದನ್ನೇ ಹಗುರವಾಗಿ ತೆಗೆದುಕೊಳ್ಳುವುದು. "ಸತ್ತರೂ ನಿನ್ನ ಮನೆ ಹೊಸಿಲು ತುಳಿಯಲ್ಲ", "ನಿನ್ನ ಮನೆ ನೀರು ನನ್ನ ಪಾಲಿಗೆ ವಿಷ". ಇಂಥ ಮಾತು ಸಿಟ್ಟಿನಲ್ಲಿ ಬೀದಿಯಲ್ಲಿ ಬಿದ್ದಿದ್ದರೆ ಅದರ ಬಾಳಿಕೆ ಕಡಿಮೆ. ಅದೇ ಮಾತನ್ನು ಗುಡಿಯಲ್ಲಿ ಕರ್ಪೂರ ಹಚ್ಚಿ, ದೇವರ ಹೆಸರು ಹಿಡಿದು ಆಡಿದ್ದರೆ ಸಂಗತಿಯೇ ಬೇರೆ. ಹತ್ತು ವರ್ಷ ಕಳೆದು ಸಿಟ್ಟು ಇಳಿದಿರುತ್ತದೆ, ತಮ್ಮನ ಮಗಳ ಮದುವೆಯ ಓಲಗ ಕಿವಿಗೆ ಬೀಳುತ್ತಿರುತ್ತದೆ, ಹೋಗಬೇಕು ಅಂತ ಜೀವ ಎಳೆಯುತ್ತದೆ. ಆದರೂ ಕಾಲು ಏಳುವುದಿಲ್ಲ. ನೋಡಿದವರು ಹಠ ಅನ್ನುತ್ತಾರೆ. ಅದು ಹಠವಲ್ಲ, ಭಯ. ಆಣೆ ಮುರಿದರೆ ಮೊಮ್ಮಕ್ಕಳಿಗೆ ತಟ್ಟೀತು ಅನ್ನುವ ಭಯ. ಆದ್ದರಿಂದ ರಾಜಿಗೆ ಕೂತವರು ಮೊದಲು ಕೇಳಬೇಕಾದ ಪ್ರಶ್ನೆ "ಜಮೀನು ಎಷ್ಟು" ಅಲ್ಲ. "ಆಣೆ ಏನಾದರೂ ಆಗಿದೆಯಾ? ಯಾವ ದೇವರ ಮುಂದೆ? ಏನಂತ?" ಈ ಮೂರನ್ನು ಎರಡೂ ಮನೆಯ ಹಿರಿಯ ಹೆಂಗಸರನ್ನು ಬೇರೆ ಬೇರೆಯಾಗಿ ಕೂರಿಸಿ ಕೇಳಿದರೆ ಸರಿಯಾದ ಉತ್ತರ ಸಿಗುತ್ತದೆ. ಗಂಡಸರಿಗೆ ಆಣೆಯ ಶಬ್ದಗಳು ಮರೆತಿರುತ್ತವೆ, ಹೆಂಗಸರು ಮರೆತಿರುವುದಿಲ್ಲ.

ಆಣೆ ಬಿಡಿಸುವ ಕ್ರಮ ಸರಳವಾದದ್ದು. ಯಾವ ದೇವರ ಹೆಸರಲ್ಲಿ ಆಣೆಯಾಯಿತೋ ಅದೇ ದೇವರ ಬಳಿಗೆ ಹೋಗಬೇಕು. ಗಂಗಮ್ಮನ ಮೇಲಿನ ಆಣೆಯನ್ನು ಮುನೇಶ್ವರನ ಗುಡಿಯಲ್ಲಿ ಬಿಡಿಸಿದರೆ ಹಾಕಿದವರ ಮನಸ್ಸಿಗೆ ಅದು ಬಿಟ್ಟಂತಾಗುವುದಿಲ್ಲ. ಧರ್ಮಸ್ಥಳದ ಮಂಜುನಾಥನ ಹೆಸರು ಎತ್ತಿದ್ದರೆ ಅಲ್ಲಿಗೇ ಹೋಗಿ ಬರುವುದು ರೂಢಿ. ಆಣೆ ಹಾಕಿದವರು ಖುದ್ದಾಗಿ ಬರಬೇಕು, ಎದುರು ಪಕ್ಷದವರೂ ಜೊತೆಗೆ ನಿಂತರೆ ಇನ್ನೂ ಒಳ್ಳೆಯದು. ಹಳದಿ ಬಟ್ಟೆಯಲ್ಲಿ 11 ಅಥವಾ 101 ರೂಪಾಯಿ ತಪ್ಪುಕಾಣಿಕೆ ಕಟ್ಟಿ, ಕಾಯಿ, ಎಲೆ ಅಡಿಕೆ, ಕರ್ಪೂರ ಇಟ್ಟು, ಹಿಂದೆ ಆಡಿದ್ದ ಮಾತನ್ನೇ ಹೇಳಿ, "ಆ ಮಾತು ವಾಪಸ್ ತಗೊಂಡೆ, ನನ್ನಿಂದ ತಪ್ಪಾಯ್ತು, ಎರಡೂ ಮನೆ ಮಕ್ಕಳನ್ನ ಕಾಪಾಡು" ಅಂತ ಕೇಳುವಂತೆ ಹೇಳಬೇಕು. ಮನಸ್ಸಿನಲ್ಲೇ ಹೇಳಿಕೊಂಡರೆ ಸಾಲದು. ಆಣೆಯನ್ನು ನಾಲ್ಕು ಜನ ಕೇಳಿದ್ದರು, ಬಿಡುಗಡೆಯನ್ನೂ ನಾಲ್ಕು ಜನ ಕೇಳಬೇಕು. ಕೆಲವು ಗುಡಿಗಳಲ್ಲಿ ಹೂವಿನ ಪ್ರಸಾದ ಕೇಳುತ್ತಾರೆ. ಬಲಗಡೆಯಿಂದ ಹೂ ಬಿದ್ದರೆ ಸರಿ. ಬೀಳದಿದ್ದರೆ ಅದನ್ನೇ ನೆಪ ಮಾಡಿಕೊಂಡು ಎದ್ದು ಹೋಗುವವರಿರುತ್ತಾರೆ, ಅದಕ್ಕೇ ಹೂ ಕೇಳುವ ಗೋಜಿಗೆ ಹೋಗದಿರುವುದು ಲೇಸು. ಕ್ಷಮಿಸಲಾ ಬೇಡವಾ ಅಂತ ದೇವರನ್ನು ಕೇಳಬೇಕಾಗಿಲ್ಲ.

ಈ ಹಂತದಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ. ಒಂದು, ಯಾರೋ ಶಾಸ್ತ್ರ ಹೇಳುವವರ ಬಳಿಗೆ ಹೋಗಿ ನಾಗದೋಷ, ಪಿತೃದೋಷ, ಮಾಟದ ಲೆಕ್ಕವೆಲ್ಲ ಸೇರಿ ತಪ್ಪುಕಾಣಿಕೆಯ ಖರ್ಚು ಹತ್ತಾರು ಸಾವಿರಕ್ಕೆ ಏರುವುದು, ಆ ದುಡ್ಡು ಯಾರು ಹಾಕಬೇಕು ಅಂತ ಹೊಸ ಜಗಳ ಹುಟ್ಟುವುದು. ಇನ್ನೊಂದು ಹೆಚ್ಚು ಕೆಟ್ಟದ್ದು. ಹಗೆಯ ವರ್ಷಗಳಲ್ಲಿ ಒಂದು ಮನೆಯಲ್ಲಿ ಮಗು ಕಾಯಿಲೆ ಬಿದ್ದಿರುತ್ತದೆ, ಇನ್ನೊಂದು ಮನೆಯ ಹಸು ಸತ್ತಿರುತ್ತದೆ. "ಅವರು ಮಾಡಿಸಿದರು" ಅನ್ನುವ ಅನುಮಾನ ಮನೆಯೊಳಗೇ ಬೆಳೆದಿರುತ್ತದೆ. ಭೂಮಿ ಪಾಲಾದರೂ ಈ ಅನುಮಾನ ಪಾಲಾಗುವುದಿಲ್ಲ. ಗುಡಿಯಲ್ಲಿ ನಿಂತಾಗಲೇ ಎರಡೂ ಕಡೆಯವರು "ನಾವು ನಿಮಗೆ ಕೇಡು ಮಾಡಿಸಿಲ್ಲ, ನೀವು ಮಾಡಿಸಿದ್ದೀರಿ ಅಂತ ಇನ್ನು ಅನ್ನುವುದಿಲ್ಲ" ಅಂತ ಹೇಳಿ ಮುಗಿಸಬೇಕು. ಅದನ್ನು ಬಾಯಿಗೆ ತರಲು ಸಂಕೋಚವಾಗುತ್ತದೆ. ತರದಿದ್ದರೆ ಮುಂದಿನ ಜ್ವರಕ್ಕೆ ಎಲ್ಲಾ ಮತ್ತೆ ಮೊದಲಿಂದ.

ದೇವರ ಕಡೆಯ ಬಾಗಿಲು ಹಬ್ಬದಲ್ಲಿ ಮಾತ್ರ ತೆರೆಯುವುದಿಲ್ಲ, ಸಾವಿನಲ್ಲೂ ತೆರೆಯುತ್ತದೆ. ಮಾತು ಬಿಟ್ಟವರಿಗೂ ಸೂತಕ ಬಿಡುವುದಿಲ್ಲ. ಇಪ್ಪತ್ತು ವರ್ಷ ಮುಖ ನೋಡದ ದಾಯಾದಿಯ ಮನೆಯಲ್ಲಿ ಸಾವಾದರೂ ಈ ಮನೆಯ ದೇವರ ದೀಪ ಆರುತ್ತದೆ, ಶುಭಕಾರ್ಯ ನಿಲ್ಲುತ್ತದೆ. ಕೋರ್ಟಿನಲ್ಲಿ ವಾದಿ ಪ್ರತಿವಾದಿ, ಸೂತಕದಲ್ಲಿ ಮಾತ್ರ ಒಂದೇ ಕುಲ. ಸೂತಕವನ್ನು ಒಪ್ಪದ ಲಿಂಗಾಯತ ಮನೆಗಳಲ್ಲಿ, ತುಮಕೂರು ಕಡೆ ಹೆಚ್ಚಾಗಿ, ಇಂಥ ಮಾತು ಮುಗಿಯುವುದು ಮಠದಲ್ಲಿ, ಗುರುಗಳ ಸಮ್ಮುಖದಲ್ಲಿ. ಸಾವಿನ ಮನೆಗೆ ಹೋಗಲು ಕರೆ ಬೇಕಿಲ್ಲ ಅನ್ನುವುದು ಎಲ್ಲರೂ ಒಪ್ಪಿದ ಕಟ್ಟಳೆ. ಇನ್ನೊಂದು ಅನುಕೂಲವೂ ಇದೆ. ಹೆಣ ಇರುವ ಮನೆಯಲ್ಲಿ ಹೊರಗಿನವರು ಯಾರೂ ಉಣ್ಣುವುದಿಲ್ಲ, ನೀರು ಕುಡಿಯುವುದಿಲ್ಲ. ಹಾಗಾಗಿ "ನಿನ್ನ ಮನೆ ನೀರು ಮುಟ್ಟಲ್ಲ" ಅಂದವರೂ ಆಣೆ ಮುರಿಯದೆ ಅಂಗಳದಲ್ಲಿ ನಿಲ್ಲಬಹುದು, ಹೆಗಲು ಕೊಡಬಹುದು. ಹೋದವರು ಮಾತಾಡಬೇಕಾಗಿಲ್ಲ. ಹಾರ ಹಾಕಿ, ಗುಂಡಿ ತೋಡುವ ಕಡೆಯೋ ಸೌದೆ ಹಾಕಿಸುವ ಕಡೆಯೋ ಒಂದು ಕೈ ಹಾಕಿ ಬಂದರೆ ಸಾಕು. ಹಾಲುತುಪ್ಪದ ದಿನ ಇನ್ನೊಮ್ಮೆ ಹೋಗಬೇಕು, ಇದನ್ನು ಬಹಳ ಜನ ತಪ್ಪಿಸುತ್ತಾರೆ. ಸಾವಿನ ದಿನ ಊರೇ ಬಂದಿರುತ್ತದೆ, ಹಾಲುತುಪ್ಪಕ್ಕೆ ಬಂದವರು ನೆನಪಿನಲ್ಲಿ ಉಳಿಯುತ್ತಾರೆ. ಹನ್ನೊಂದನೇ ದಿನದ ತಿಥಿ ಮುಗಿಯುವವರೆಗೆ ಜಮೀನಿನ ಸೊಲ್ಲೆತ್ತಬಾರದು. ತಿಥಿಯ ಪಂಕ್ತಿಯಲ್ಲೇ "ಇನ್ನು ಪಾಲಿನ ವಿಷಯ ಮಾತಾಡಿಬಿಡೋಣ" ಅಂತ ಆತುರದ ಹಿರಿಯರೊಬ್ಬರು ಬಾಯಿ ಹಾಕಿ ಕೂಡಿ ಬರುತ್ತಿದ್ದ ಮನೆಗಳು ಒಡೆದದ್ದುಂಟು.

ಮುಳಬಾಗಿಲು ತಾಲ್ಲೂಕಿನ ಆವಣಿಗೆ ಹೋದವರು ರಾಮಲಿಂಗೇಶ್ವರ ಗುಡಿಯ ಪ್ರಾಕಾರದಲ್ಲಿ ಒಂದು ವಿಶೇಷ ನೋಡಿರುತ್ತೀರಿ. ನೊಳಂಬರ ಕಾಲದ ಆ ಆವರಣದಲ್ಲಿ ರಾಮೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರ ಅಂತ ಅಣ್ಣತಮ್ಮಂದಿರ ಹೆಸರಿನ ಬೇರೆ ಬೇರೆ ಗುಡಿಗಳಿವೆ. ತಮ್ಮದೇ ರಕ್ತವಾದ ಲವಕುಶರ ಮೇಲೆ ಯುದ್ಧಕ್ಕೆ ನಿಂತ ಪಾಪ ಕಳೆದುಕೊಳ್ಳಲು ಇವರು ಲಿಂಗ ಪ್ರತಿಷ್ಠೆ ಮಾಡಿದರು ಅನ್ನುವುದು ಸ್ಥಳದ ನಂಬಿಕೆ. ರಾಜಿ ಪಂಚಾಯ್ತಿಗಳಲ್ಲಿ "ಮತ್ತೆ ಒಂದೇ ಮನೆ, ಒಂದೇ ಒಲೆ ಆಗಿ" ಅಂತ ಒತ್ತಾಯ ಮಾಡುವ ಹಿರಿಯರಿಗೆ ಆವಣಿಯ ಆ ಪ್ರಾಕಾರವನ್ನು ತೋರಿಸಬೇಕು ಅನ್ನಿಸುತ್ತದೆ. ದೇವರಾದ ಅಣ್ಣತಮ್ಮಂದಿರಿಗೇ ಗರ್ಭಗುಡಿ ಬೇರೆ ಬೇರೆ, ಆವರಣ ಒಂದು. ಒಲೆ ಒಂದು ಮಾಡಲು ಹೋಗಿ ಕೆಟ್ಟ ರಾಜಿಗಳು ಬಹಳ. ಒಲೆ ಎರಡಿರಲಿ, ಮಧ್ಯದ ಗೋಡೆಗೆ ಒಂದು ಬಾಗಿಲಿದ್ದರೆ ಸಾಕು.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ ಅಂದ ಕೂಡಲೇ 1938ರ ಏಪ್ರಿಲ್ 25ರ ಗೋಲೀಬಾರ್ ನೆನಪಾಗುತ್ತದೆ, ಆಗಲೇಬೇಕು. ಅದಕ್ಕೂ ಹಿಂದಿನ ನೆನಪು ಆ ಹೆಸರಲ್ಲೇ ಇದೆ. ಪಾಲಿನ ಜಗಳ ಯುದ್ಧವಾಗದಂತೆ ತಡೆಯಲು ಕೊನೆಯವರೆಗೂ ಹೆಣಗಿ ಸೋತ ವಿದುರ, ಕುಲವೆಲ್ಲ ಅಳಿದ ಮೇಲೆ ಇಲ್ಲಿಗೆ ಬಂದು ಉತ್ತರ ಪಿನಾಕಿನಿಯ ದಡದಲ್ಲಿ ಅಶ್ವತ್ಥ ನೆಟ್ಟ ಅನ್ನುತ್ತಾರೆ. ಪಾಂಡವರು ಕೊನೆಗೆ ಕೇಳಿದ್ದು ಐದೇ ಊರು. ಪ್ರತಿ ಪಂಚಾಯ್ತಿಯಲ್ಲೂ ಆ ಐದು ಊರಿನ ಘಳಿಗೆಯೊಂದು ಬರುತ್ತದೆ. ಒಂದು ಪಕ್ಷ ತನ್ನ ಬೇಡಿಕೆಯನ್ನು ಒಂದು ಬಂಡಿದಾರಿಗೋ, ಅಮ್ಮನ ಸಮಾಧಿ ಇರುವ ಎರಡು ಗುಂಟೆಗೋ ಇಳಿಸಿರುತ್ತದೆ. ಮಧ್ಯಸ್ಥರು ಎಚ್ಚರವಾಗಿರಬೇಕಾದ ಘಳಿಗೆ ಅದು. ಅಷ್ಟು ಕೆಳಗಿಳಿದದ್ದನ್ನು ಎದುರಿನವರು ಗೆಲುವು ಅಂದುಕೊಂಡು ಅದನ್ನೂ ಕೊಡದೆ ಹೋದರೆ, ಆಮೇಲೆ ಹತ್ತು ವರ್ಷ ಯಾರ ಮಾತೂ ನಡೆಯುವುದಿಲ್ಲ.

ಬೇರೆ ಧರ್ಮಗಳ ಮನೆಗಳಲ್ಲೂ ಇಂಥದ್ದೇ ಬಾಗಿಲುಗಳಿವೆ. ಕೆ.ಜಿ.ಎಫ್., ಕೋಲಾರದ ಕ್ರೈಸ್ತ ಕುಟುಂಬಗಳಿಗೆ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯ ಗೊತ್ತು: ಸೋದರನಿಗೆ ನಿನ್ನ ಮೇಲೆ ಬೇಸರವಿದ್ದರೆ ಕಾಣಿಕೆಯನ್ನು ಬಲಿಪೀಠದ ಮುಂದೆ ಬಿಟ್ಟು ಮೊದಲು ಅವನೊಂದಿಗೆ ಒಂದಾಗಿ ಬಾ. ಮುಸ್ಲಿಂ ಮನೆಗಳಲ್ಲಿ ಮೂರು ದಿನಕ್ಕಿಂತ ಹೆಚ್ಚು ಮಾತು ಬಿಡಬಾರದು ಅನ್ನುವ ಹದೀಸ್ ಇದೆ, ಮೊದಲು ಸಲಾಂ ಹೇಳಿದವರೇ ಮೇಲು ಅಂತಲೂ ಇದೆ. ಜೈನರು ವರ್ಷಕ್ಕೊಮ್ಮೆ ಕ್ಷಮಾವಣಿಯ ದಿನ ಗೊತ್ತಿದ್ದು ಗೊತ್ತಿಲ್ಲದೆ ಮಾಡಿದ ತಪ್ಪಿಗೆಲ್ಲ ಕೈಮುಗಿದು ಕ್ಷಮೆ ಕೇಳುತ್ತಾರೆ. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ ದರ್ಗಾಕ್ಕೆ ಹಿಂದೂಗಳೂ ಹರಕೆ ಹೊತ್ತು ಹೋಗುತ್ತಾರೆ. ಯಾರಿಗೆ ಯಾವ ಜಾಗದಲ್ಲಿ ಸುಳ್ಳು ಹೇಳಲು ನಾಲಿಗೆ ಏಳುವುದಿಲ್ಲವೋ ಅದೇ ಅವರ ರಾಜಿಯ ಜಾಗ.

ಇನ್ನು ಕಾಗದ. ಗುಡಿಯಲ್ಲಿ ಕಣ್ಣೀರು ಹಾಕಿ ಅಪ್ಪಿಕೊಂಡ ಅಣ್ಣತಮ್ಮಂದಿರು "ನಮ್ಮ ಮಧ್ಯೆ ಕಾಗದ ಯಾಕೆ" ಅಂದುಬಿಡುತ್ತಾರೆ. ಕೇಳಲು ಬಹಳ ಚೆನ್ನಾಗಿರುತ್ತದೆ. ಇಬ್ಬರಲ್ಲಿ ಒಬ್ಬರು ತೀರಿಕೊಂಡ ದಿನ ಆ ಮಾತಿಗೆ ಬೆಲೆ ಇರುವುದಿಲ್ಲ, ಯಾಕೆಂದರೆ ಅದನ್ನು ಆಡಿದವರಿಲ್ಲ, ಪಹಣಿಯಲ್ಲಿ ಇನ್ನೂ ತಾತನ ಹೆಸರಿದೆ. ಹಾಗಾಗಿ ಆಣೆ ಬಿಟ್ಟ ತಿಂಗಳೊಳಗೆ ಕಾಗದ ಶುರುವಾಗಬೇಕು. ಗ್ರಾಮ ಆಡಳಿತಾಧಿಕಾರಿಯಿಂದ ವಂಶವೃಕ್ಷ ಮಾಡಿಸುವುದು ಮೊದಲನೆಯದು. ಅದರಲ್ಲಿ ಹೆಣ್ಣುಮಕ್ಕಳ ಹೆಸರು, ತೀರಿಕೊಂಡ ಮಗಳ ಮಕ್ಕಳ ಹೆಸರು, ಊರಿಗೆಲ್ಲ ಗೊತ್ತಿದ್ದೂ ಯಾರೂ ಹೇಳದ ಎರಡನೇ ಸಂಸಾರದ ಮಕ್ಕಳ ಹೆಸರು, ಎಲ್ಲವೂ ಬರಬೇಕು. ಒಂದು ಹೆಸರು ಬಿಟ್ಟರೆ ಇಡೀ ಪಾಲು ಒಂದು ದಿನ ಕೋರ್ಟಿನಲ್ಲಿ ಬಿದ್ದುಹೋಗಬಹುದು. ಆಮೇಲೆ ಮರಣ ಪ್ರಮಾಣಪತ್ರ ಕೊಟ್ಟು ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಸರ್ವೆ ನಂಬರಿನ ಒಂದು ಭಾಗ ಒಬ್ಬರಿಗೆ ಹೋಗುವುದಾದರೆ ಭೂಮಾಪಕರಿಂದ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ. ನಕ್ಷೆ ಬಂದ ಮೇಲೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ವಿಭಾಗಪತ್ರ ನೋಂದಣಿ, ಅದರ ಹಿಂದೆ ಮ್ಯುಟೇಶನ್, ಅಂದರೆ ಪಹಣಿಯಲ್ಲಿ ಹೆಸರು ಬದಲಾವಣೆ. ಬಿಳಿ ಹಾಳೆಯ ಮೇಲೆ ಪಂಚಾಯ್ತಿದಾರರು ಬರೆದ ಪಾಲುಪಟ್ಟಿಯನ್ನೇ ಗಟ್ಟಿ ಅಂದುಕೊಂಡು ಇಟ್ಟುಕೊಂಡವರು ಬಹಳ ಜನ. ಪಾಲು ಮಾಡುವ ಪತ್ರವೇ ಅದಾಗಿದ್ದರೆ ನೋಂದಣಿಯಿಲ್ಲದೆ ಕೋರ್ಟಿನಲ್ಲಿ ಅದರ ಬಲ ತೀರಾ ಕಡಿಮೆ.

ಅಳತೆಯಲ್ಲಿ ಎಡವುವುದು ಖರಾಬಿನಲ್ಲಿ, ಅಂದರೆ ಸಾಗುವಳಿಗೆ ಬಾರದ ಜಾಗದಲ್ಲಿ. ಒಂದು ಎಕರೆಗೆ 40 ಗುಂಟೆ, ಒಂದು ಗುಂಟೆಗೆ 16 ಆಣೆ, ಅಂದರೆ 1,089 ಚದರ ಅಡಿ, ಇದು ಎಲ್ಲರಿಗೂ ಗೊತ್ತು. ಆದರೆ ಪಹಣಿಯ ಒಟ್ಟು ವಿಸ್ತೀರ್ಣದಲ್ಲಿ ಬಂಡೆ, ಹಳ್ಳ, ದಾರಿಯ ಖರಾಬು ಸೇರಿರುತ್ತದೆ. ಬಾಯಿಲೆಕ್ಕದಲ್ಲಿ 4 ಎಕರೆಯನ್ನು ಎರಡೆರಡು ಮಾಡಿಕೊಂಡು, ಆಮೇಲೆ ಸರ್ವೆಯಲ್ಲಿ ಒಬ್ಬರ ಕಡೆ 12 ಗುಂಟೆ ಬಂಡೆ ಬಂದರೆ, "ಮೋಸ ಮಾಡಿದ" ಅನ್ನುವ ಮಾತು ಅಲ್ಲಿಂದ ಶುರು. ಯಾರೂ ಮೋಸ ಮಾಡಿರುವುದಿಲ್ಲ. ಮೊದಲು ಅಳೆಸಿ, ಆಮೇಲೆ ಹಂಚಿಕೊಂಡಿದ್ದರೆ ಮುಗಿಯುತ್ತಿತ್ತು. ದಾರಿಯನ್ನೂ ಅಡಿಯಲ್ಲಿ ಬರೆಸಬೇಕು. "ಹೋಗಿ ಬರಲು ದಾರಿ" ಅಂತ ಬರೆದರೆ ತಾತನಿಗೆ ಕಾಲುದಾರಿ, ಮೊಮ್ಮಗನಿಗೆ ಟ್ರಾಕ್ಟರ್ ದಾರಿ. 12 ಅಡಿ ಅಂತ ಅಂಕಿ ಹಾಕಿ, ಯಾವ ಬದುವಿನಿಂದ ಯಾವ ಬದುವಿಗೆ ಅನ್ನುವುದನ್ನು ನಕ್ಷೆಯಲ್ಲೇ ತೋರಿಸಿಬಿಡುವುದು ಒಳ್ಳೆಯದು.

ಭೂಮಿಗಿಂತ ಕಷ್ಟ ಬೋರ್‌ವೆಲ್. ಸಾವಿರ ಅಡಿ ದಾಟಿ ಕೊರೆಸುವ ಈ ಸೀಮೆಯಲ್ಲಿ ಭೂಮಿ ಎರಡಾಗಬಹುದು, ನೀರು ಎರಡಾಗುವುದಿಲ್ಲ. "ದಿನ ಬಿಟ್ಟು ದಿನ" ಅನ್ನುವ ಸರದಿ ಹಾಳಾಗುವುದು ಕರೆಂಟಿನಿಂದ. ತ್ರೀಫೇಸ್ ಬರುವುದು ದಿನಕ್ಕೆ ಕೆಲವೇ ಗಂಟೆ, ಅದೂ ಒಮ್ಮೊಮ್ಮೆ ನಡುರಾತ್ರಿ. ಒಬ್ಬರ ದಿನ ಕರೆಂಟೇ ಇರುವುದಿಲ್ಲ, ಇನ್ನೊಬ್ಬರ ದಿನ ಪೂರ್ತಿ ಇರುತ್ತದೆ. ಆದ್ದರಿಂದ ಸರದಿಯನ್ನು ದಿನದಲ್ಲಿ ಹಂಚದೆ ಕರೆಂಟ್ ಬಂದ ಗಂಟೆಯಲ್ಲಿ ಹಂಚಬೇಕು, ಕಳೆದುಕೊಂಡ ಗಂಟೆ ಮುಂದಿನ ಸರದಿಗೆ ಸೇರಬೇಕು. ಕರೆಂಟ್ ಸಂಪರ್ಕದ ಆರ್.ಆರ್. ನಂಬರ್ ಯಾರ ಹೆಸರಲ್ಲಿ, ಸ್ಟಾರ್ಟರ್ ಪೆಟ್ಟಿಗೆಯ ಬೀಗದ ಕೈ ಎಷ್ಟು, ಮೋಟರ್ ಸುಟ್ಟರೆ ಎತ್ತಿ ಇಳಿಸುವ ಖರ್ಚು ಯಾರಿಗೆಷ್ಟು, ಪೈಪ್‌ಲೈನ್ ಯಾರ ಹೊಲದ ಅಡಿಯಲ್ಲಿ ಹೋಗಬೇಕು, ಇವೆಲ್ಲ ಬರಹದಲ್ಲಿರಬೇಕು. ಬೋರು ಬತ್ತಿದರೆ ಏನು ಅನ್ನುವುದನ್ನು ಬರೆಸುವವರಿದ್ದಾರೆ. ಬತ್ತಿದ ಬೋರಿಗೆ ನೀರು ಮರಳಿದರೆ ಏನು ಅನ್ನುವುದನ್ನು ಬರೆಸುವವರು ಕಡಿಮೆ. 2018ರಿಂದ ಕೆ.ಸಿ. ವ್ಯಾಲಿಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಕೋಲಾರದ ಕೆರೆಗಳಿಗೆ ಬರತೊಡಗಿದ ಮೇಲೆ ಅದನ್ನೂ ಬರೆಸಬೇಕಾದ ಕಾಲ ಬಂದಿದೆ.

ಬದುವಿನ ಮೇಲಿನ ಹುಣಸೆ ಮರದ್ದು ಇನ್ನೂ ಸೂಕ್ಷ್ಮ. ತುಮಕೂರು, ಚಿಂತಾಮಣಿ ಮಾರುಕಟ್ಟೆಗಳಿಗೆ ಹಣ್ಣು ಕೊಡುವ ಹಳೇ ಮರಗಳು ತಾತನ ಕಾಲದವು, ಕಡಿಯಲು ಯಾರಿಗೂ ಮನಸ್ಸಿಲ್ಲ. ಪಂಚಾಯ್ತಿದಾರರು ನ್ಯಾಯವಾಗಿಯೇ "ಒಂದು ವರ್ಷ ಅಣ್ಣ, ಒಂದು ವರ್ಷ ತಮ್ಮ" ಅಂತ ತೀರ್ಮಾನ ಮಾಡುತ್ತಾರೆ. ಹುಣಸೆ ಒಂದು ವರ್ಷ ಚೆನ್ನಾಗಿ ಹಿಡಿದರೆ ಮರುವರ್ಷ ಕಡಿಮೆ ಹಿಡಿಯುವ ಮರ. ಆ ತೀರ್ಮಾನದಿಂದ ಒಬ್ಬರಿಗೆ ಯಾವಾಗಲೂ ಹೊರೆ ಹೊರೆ ಹಣ್ಣು, ಇನ್ನೊಬ್ಬರಿಗೆ ಯಾವಾಗಲೂ ಬರೀ ಕೊಂಬೆ. ನಾಲ್ಕು ವರ್ಷಕ್ಕೆ ಹಗೆ ವಾಪಸ್. ಪ್ರತಿ ವರ್ಷವೂ ಮರವನ್ನು ಗುತ್ತಿಗೆಗೆ ಕೊಟ್ಟು ದುಡ್ಡನ್ನು ಅರ್ಧರ್ಧ ಮಾಡಿಕೊಳ್ಳುವುದೋ, ಬಡಿದ ಹಣ್ಣನ್ನು ತೂಗಿ ಹಂಚಿಕೊಳ್ಳುವುದೋ ಸರಿ.

ಕೇಸು ನಡೆಯುತ್ತಿದ್ದರೆ ಕಾಗದದ ದಾರಿ ಬೇರೆ. ಪಾಲಿನ ದಾವೆಯಲ್ಲಿ ಮೊದಲು ಬರುವ ಡಿಕ್ರಿ ಯಾರಿಗೆ ಎಷ್ಟು ಪಾಲು ಅಂತ ಮಾತ್ರ ಹೇಳುತ್ತದೆ. ಯಾವ ಗುಂಟೆ ಯಾರದು ಅನ್ನುವುದಕ್ಕೆ ಫೈನಲ್ ಡಿಕ್ರಿಯ ನಡಾವಳಿ ಮತ್ತೆ ನಡೆಯಬೇಕು. ಹದಿನೈದು ವರ್ಷ ಅಲೆದು ಗೆದ್ದೆವು ಅಂತ ಸಿಹಿ ಹಂಚಿದವರಿಗೆ ಇದು ಆಮೇಲೆ ತಿಳಿಯುತ್ತದೆ. ರಾಜಿಯಾದರೆ ಎರಡೂ ಕಡೆಯವರು ಜಂಟಿ ಮೆಮೊ ಹಾಕಿ ಲೋಕ ಅದಾಲತ್‌ನಲ್ಲಿ ಮುಗಿಸಿಕೊಳ್ಳಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಅಲ್ಲಿನ ತೀರ್ಪು ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಶುಲ್ಕ ವಾಪಸ್. ಮನೆಯಲ್ಲಿ 18 ತುಂಬದ ಹಕ್ಕುದಾರರಿದ್ದರೆ ಅವರ ಪರವಾಗಿ ರಾಜಿಗೆ ಕೋರ್ಟಿನ ಅನುಮತಿ ಬೇಕು. ಅದನ್ನು ತೆಗೆದುಕೊಳ್ಳದೆ ಮಾಡಿದ ರಾಜಿಯನ್ನು ಆ ಮಗು ದೊಡ್ಡದಾದ ಮೇಲೆ ಪ್ರಶ್ನಿಸಬಹುದು. ದಾವೆಯ ಷೆಡ್ಯೂಲಿನಲ್ಲಿ, ಅಂದರೆ ಆಸ್ತಿ ಪಟ್ಟಿಯಲ್ಲಿ, ಇಲ್ಲದ ಸೈಟನ್ನೋ ಹೊಲವನ್ನೋ ರಾಜಿಯಲ್ಲಿ ಸೇರಿಸಿದರೆ ಅದಕ್ಕೆ ಬೇರೆಯಾಗಿ ನೋಂದಣಿ ಬೇಕು. ಹೊಡೆದಾಟದ ಕ್ರಿಮಿನಲ್ ಕೇಸುಗಳಲ್ಲಿ ಕೆಲವನ್ನು ಪಕ್ಷದವರೇ ರಾಜಿ ಮಾಡಿಕೊಳ್ಳಬಹುದು, ಕೆಲವಕ್ಕೆ ಕೋರ್ಟಿನ ಒಪ್ಪಿಗೆ ಬೇಕು, ಇನ್ನು ಕೆಲವಕ್ಕೆ ಹೈಕೋರ್ಟಿಗೇ ಹೋಗಬೇಕು. ಎರಡೂ ಕಡೆಯ ಕೇಸುಗಳು ಒಂದೇ ದಿನ ಮುಗಿಯುವಂತೆ ವಕೀಲರಿಂದ ದಿನಾಂಕ ಹೊಂದಿಸಿಕೊಳ್ಳಿ. "ನೀನು ಮೊದಲು ವಾಪಸ್ ತಗೋ" ಅನ್ನುವಲ್ಲಿ ನಂಬಿಕೆ ಸಾಯುತ್ತದೆ.

ಮಧ್ಯಸ್ಥರು ಯಾರಾಗಬೇಕು ಅನ್ನುವುದಕ್ಕೆ ಹೆಚ್ಚು ಮಾತು ಬೇಡ. ಊರಿನ ಎರಡು ಪಾರ್ಟಿಗಳಲ್ಲಿ ಯಾವುದರ ಮುಖಂಡರೂ ಬೇಡ, ಮುಂದಿನ ಪಂಚಾಯ್ತಿ ಚುನಾವಣೆಗೆ ಈ ಹಗೆಯೇ ಅವರ ಬಂಡವಾಳ. ಸೋದರಮಾವ ಇದ್ದರೆ ಅವರು, ಇಲ್ಲವಾದರೆ ಪಕ್ಕದ ಊರಿನ, ಸಾಲ ಕೊಡು ತಗೋ ಇಲ್ಲದ ಹಿರಿಯರೊಬ್ಬರು. ಬೆಳಿಗ್ಗೆ ಹೊತ್ತು ಕೂರಬೇಕು, ಸಂಜೆ ಕೂತರೆ ಯಾರೋ ಕುಡಿದು ಬಂದೇ ಬರುತ್ತಾರೆ. ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಮನೆಗಳಲ್ಲಿ ಮನೆಮಾತು ತೆಲುಗು, ಪತ್ರ ಕನ್ನಡ, ಅದೂ ಕಚೇರಿ ಕನ್ನಡ. ಸಹಿಗೆ ಮೊದಲು ಪತ್ರವನ್ನು ಮನೆಮಾತಿನಲ್ಲಿ ಸಾಲು ಸಾಲಾಗಿ ಬಿಡಿಸಿ ಹೇಳಬೇಕು, ಮುಖ್ಯವಾಗಿ ಹೆಂಗಸರಿಗೆ.

ಹೆಂಗಸರು ಅಂದೆ, ಅಕ್ಕತಂಗಿಯರ ಮಾತು ಬೇರೆಯಾಗಿಯೇ ಹೇಳಬೇಕು. ಕರ್ನಾಟಕದಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ 1994ರ ತಿದ್ದುಪಡಿ ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯಾದವರು, ಆಗದವರು ಅನ್ನುವ ಭೇದ ಹೋಯಿತು. ಅಂದು ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಅಂತ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆದ ಪಾಲನ್ನು ಮಾತ್ರ ಕೆದಕುವಂತಿಲ್ಲ. ಬಾಯಿಮಾತಿನಲ್ಲೇ ಪಾಲಾಗಿತ್ತು ಅನ್ನುವ ವಾದವನ್ನು ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ. ಇಷ್ಟು ತಿಳಿದ ಮೇಲೂ ಅಣ್ಣಂದಿರು "ಅರಿಶಿನ ಕುಂಕುಮಕ್ಕೆ ಅಂತ ಕೊಡುತ್ತೇವೆ, ಸಹಿ ಹಾಕು" ಅನ್ನುತ್ತಾರೆ. ಪಾಲು ಕೇಳಿದ ತಂಗಿಗೆ ತವರು ಮುಚ್ಚುತ್ತದೆ, ಗೌರಿ ಹಬ್ಬಕ್ಕೆ ಬಾಗಿನ ಬರುವುದು ನಿಲ್ಲುತ್ತದೆ. ಪಾಲು ಕೇಳುವುದು ದ್ರೋಹವಲ್ಲ. ಕ್ಷಮೆ ಕೇಳಬೇಕಾದವರು ಇಲ್ಲಿ ಬಹುಪಾಲು ಗಂಡುಮಕ್ಕಳೇ.

ಅದಕ್ಕೆ ದಾರಿಯನ್ನೂ ಹಬ್ಬವೇ ಇಟ್ಟಿದೆ. ಮೊರದ ಬಾಗಿನಕ್ಕೆ ಅರಿಶಿನ ಕುಂಕುಮ, ಬಳೆ, ಬಿಚ್ಚೋಲೆ, ಕರಿಮಣಿ, ಕನ್ನಡಿ, ಬಾಚಣಿಗೆ, ರವಿಕೆ ಕಣ, ಅಕ್ಕಿ, ಬೇಳೆ, ಬೆಲ್ಲ, ಕಾಯಿ ಇಟ್ಟು, ಇನ್ನೊಂದು ಮೊರ ಮುಚ್ಚಿ, ಅಣ್ಣನೇ ಹೊತ್ತುಕೊಂಡು ತಂಗಿಯ ಮನೆಗೆ ಹೋಗಬೇಕು. ಕೊರಿಯರ್‌ನಲ್ಲಿ ಕಳಿಸುವುದು, ಫೋನ್‌ಪೇ ಮಾಡುವುದು ಈ ಸಲಕ್ಕೆ ಬೇಡ. ಹೋದವರ ಜೇಬಿನಲ್ಲಿ ಹಕ್ಕು ಬಿಡುಗಡೆ ಪತ್ರ ಇರಬಾರದು. ಬಾಗಿನದ ಹಿಂದೆಯೇ ಸಹಿ ಕೇಳಿದರೆ, ಆ ಹೆಣ್ಣುಮಗಳು ಮುಂದೆ ಯಾವ ಬಾಗಿನವನ್ನೂ ನಂಬಲಾರಳು. ಅವಳು ತಾನಾಗಿಯೇ ಪಾಲು ಬಿಡುವುದಾದರೂ ಸ್ವಲ್ಪ ತಿಂಗಳು ಕಳೆಯಲಿ, ತನ್ನ ಕಡೆಯ ವಕೀಲರಿಂದ ಪತ್ರ ಓದಿಸಿಕೊಳ್ಳಲಿ.

ಕ್ಷಮೆ ಕೇಳುವ ಮಾತು ಚಿಕ್ಕದಿದ್ದಷ್ಟೂ ಗಟ್ಟಿ. "ತಪ್ಪಾಯ್ತು ಅಣ್ಣ, ಅವತ್ತು ಪಂಚಾಯ್ತಿಯಲ್ಲಿ ಅತ್ತಿಗೆ ಬಗ್ಗೆ ಹಾಗನ್ನಬಾರದಿತ್ತು." ಯಾವ ತಪ್ಪು ಅನ್ನುವುದು ಅದರಲ್ಲಿ ಬರಬೇಕು. "ಏನಾದರೂ ತಪ್ಪಾಗಿದ್ದರೆ" ಅನ್ನುವುದು ಕ್ಷಮೆಯಲ್ಲ, "ತಪ್ಪಾಯ್ತು, ಆದರೆ ನೀವೂ" ಅನ್ನುವುದು ಜಗಳದ ಮುಂದುವರಿಕೆ. ಚಿಕ್ಕವರಿಗೆ ಕಾಲಿಗೆ ಬೀಳುವ ಸಲೀಸಾದ ದಾರಿ ಇದೆ. ತಪ್ಪು ಮಾಡಿದವರು ಹಿರಿಯರಾದರೆ? ಅಣ್ಣ ತಮ್ಮನ ಕಾಲಿಗೆ ಬೀಳುವಂತಿಲ್ಲ, ತಮ್ಮ ಬೀಳಿಸಿಕೊಳ್ಳುವಂತಿಲ್ಲ. ಇಲ್ಲೇ ಎಷ್ಟೋ ರಾಜಿಗಳು ಸಿಕ್ಕಿಕೊಂಡಿರುತ್ತವೆ. ಹಿರಿಯರ ಕ್ಷಮೆಗೆ ನಮ್ಮಲ್ಲಿ ಬೇರೆ ರೂಪವಿದೆ: ಅವರು ಕರೆಸಿಕೊಳ್ಳದೆ ತಾವೇ ತಮ್ಮನ ಮನೆಗೆ ಹೋಗಿ, ಕೈಕಾಲು ತೊಳೆದು, ತಮ್ಮನ ಹೆಂಡತಿ ಕೈಯಿಂದ ನೀರು ಈಸಿಕೊಂಡು ಕುಡಿಯುವುದು. ಆ ಒಂದು ಚೊಂಬು ನೀರಿನ ಅರ್ಥ ಎರಡೂ ಮನೆಗೆ ಗೊತ್ತು.

ಎಲ್ಲವನ್ನೂ ಕ್ಷಮೆಯ ಲೆಕ್ಕಕ್ಕೆ ಹಾಕಬಾರದು ಅನ್ನುವುದನ್ನೂ ಹೇಳಲೇಬೇಕು. ಮನೆಯ ಸೊಸೆಗೆ ಹೊಡೆದದ್ದು, ಹೆಣ್ಣುಮಗುವಿನ ಮೈಮುಟ್ಟಿದ್ದು, ಕೊಲೆ, ಇವು ಅಣ್ಣತಮ್ಮಂದಿರು ದೇವರ ಮುಂದೆ ಕೈ ಕುಲುಕಿ ಮುಗಿಸುವ ವಿಷಯಗಳಲ್ಲ. ನೊಂದವರನ್ನು ಗುಡಿಗೆ ಕರೆತಂದು "ಎಲ್ಲಾ ಮರೆತುಬಿಡು" ಅನ್ನುವುದು ಎರಡನೇ ಹಿಂಸೆ. ಅಲ್ಲಿ ಕಾನೂನು ತನ್ನ ಪಾಡಿಗೆ ನಡೆಯಲಿ. ನೊಂದವರು ತಮ್ಮ ಕಾಲದಲ್ಲಿ, ತಮ್ಮ ಮನಸ್ಸಿಂದ ಕ್ಷಮಿಸಿದರೆ ಅದು ಅವರ ಹಿರಿತನ, ಕ್ಷಮಿಸದಿದ್ದರೆ ದೇವರು ಅವರ ಮೇಲೆ ಮುನಿಯುವುದಿಲ್ಲ.

ಮೊದಲ ಊಟಕ್ಕೆ ಕುರಿ ಕಡಿದು ಬಾಡೂಟ ಮಾಡಬೇಡಿ. ಊರೆಲ್ಲ ನೋಡಲು ಬರುತ್ತದೆ, ಖರ್ಚಿನ ಮಾತು ಬರುತ್ತದೆ, ಯಾರಿಗೆ ಮೊದಲು ಬಡಿಸಿದರು ಅನ್ನುವುದೂ ಬರುತ್ತದೆ. ಎರಡು ಮನೆಯವರಷ್ಟೇ ಕೂತು ಮುದ್ದೆ, ಸೊಪ್ಪಿನ ಸಾರು, ಮೇಲೆ ಒಂದಿಷ್ಟು ಪಾಯಸ. ಮಕ್ಕಳನ್ನು ಬೆರೆಸಿ ಕೂರಿಸಿ, ಅವರಿಗೆ ಒಬ್ಬರನ್ನೊಬ್ಬರು ಏನಂತ ಕರೆಯಬೇಕು ಅನ್ನುವುದೇ ಗೊತ್ತಿರುವುದಿಲ್ಲ. ದೊಡ್ಡಪ್ಪ ಯಾರು, ಅತ್ತೆ ಯಾರು ಅಂತ ಅವತ್ತೇ ಹೇಳಿಕೊಡಬೇಕಾಗುತ್ತದೆ. ಸಂಕ್ರಾಂತಿ ಬಂದರೆ ಎಳ್ಳುಬೆಲ್ಲದ ಪೊಟ್ಟಣವನ್ನು ಅದೇ ಮಕ್ಕಳ ಕೈಯಲ್ಲಿ ಕಳಿಸಿ. ಜಾತ್ರೆಗೆ ತಂಬಿಟ್ಟಿನ ದೀಪ ಹೊರುವಾಗ ಎರಡು ಮನೆಯ ಹೆಂಗಸರು ಒಂದೇ ಸಾಲಿನಲ್ಲಿ ನಡೆಯಲಿ, ಮೊದಲ ಆರತಿ ಯಾರದು ಅನ್ನುವುದನ್ನು ಹಿಂದಿನ ದಿನವೇ ಮಾತಾಡಿಕೊಂಡಿರಲಿ. ಎರಡೂ ದೀಪವನ್ನು ಒಟ್ಟಿಗೆ ಇಳಿಸುವುದಕ್ಕೆ ಪೂಜಾರಿಗಳು ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ.

ಹಾಗೇ ಮಹಾಲಯ ಅಮಾವಾಸ್ಯೆ ಮತ್ತೆ ಬರುತ್ತದೆ. ಆ ವರ್ಷ ಎಡೆ ಒಂದೇ ಇರಲಿ, ಹಳೇ ಮನೆಯ ನಡುಮನೆಯಲ್ಲಿ, ಗೋಡೆ ಇನ್ನೂ ಇದ್ದರೆ ಅದರ ಪಕ್ಕದಲ್ಲೇ. ಅಕ್ಕಿ ಒಂದು ಮನೆಯದು, ಬೇಳೆ ಬೆಲ್ಲ ಇನ್ನೊಂದು ಮನೆಯದು. ಅಪ್ಪನಿಗೆ ಇಷ್ಟವಾದದ್ದು ಏನು ಅಂತ ಸೊಸೆಯರಿಬ್ಬರೂ ತಮಗೆ ಗೊತ್ತಿದ್ದನ್ನು ಮಾಡಲಿ, ಎರಡೂ ಎಲೆಯ ಮೇಲಿರಲಿ. ಬೆಂಗಳೂರಿಂದ ಬರುವ ತಂಗಿಯ ಬಸ್ಸು ತಡವಾದರೆ ಎಡೆ ತೆಗೆಯದೆ ಕಾಯಿರಿ. ಅವಳು ಬಂದು ಕೈಮುಗಿದ ಮೇಲೆ ಒಂದು ತುತ್ತು ಎತ್ತಿ ಹಂಚಿನ ಮೇಲೆ ಇಟ್ಟು, ಕಾಗೆ ಕರೆಯಲು ಹೊರಗೆ ಬನ್ನಿ.